ಬರೋಣದ ಪಾಠ: ಮೊದಲ ಸಂಜೆ

(ನಮ್ಮ ಸಭೆಯ ಸತ್ಯವೇದ ಅಧ್ಯಯನ ಕೂಟದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ವಂದನೆಗಳು. ಇಷ್ಟು ಜನ ಬರುತ್ತೀರಿ ಅಂದುಕೊಂಡಿರಲಿಲ್ಲ. ಕಳೆದ ವರ್ಷ ಇದೇ ಕೋಣೆಯಲ್ಲಿ ಜ್ಞಾನೋಕ್ತಿಗಳ ಪಾಠ ಮಾಡಿದಾಗ ಹನ್ನೊಂದು ಜನ ಇದ್ದೆವು, ಅದರಲ್ಲಿ ಇಬ್ಬರು ಚಹಾ ಮಾಡಲು ಬಂದವರು. ಈ ಸಲ ಬೋರ್ಡಿನ ಮೇಲೆ 'ಅಂತ್ಯಕಾಲ' ಅಂತ ಬರೆದ ಕೂಡಲೇ ಪಕ್ಕದ ಹಾಲಿನಿಂದ ಕುರ್ಚಿ ತರಿಸಬೇಕಾಯಿತು. ಮೃಗ, ತುತೂರಿ, ಮಹಾ ಸಂಕಟ ಅಂದರೆ ನಮಗೆ ಎಲ್ಲಿಲ್ಲದ ಉತ್ಸಾಹ. ಬಾಯಿ ಹಿಡಿತದಲ್ಲಿರಲಿ ಅಂತ ಸೊಲೊಮೋನ ಹೇಳಿದರೆ ಅಷ್ಟಾಗಿ ಯಾರೂ ಬರುವುದಿಲ್ಲ.

ಹೊರಗೆ ಅಂಟಿಸಿದ ಕಾಗದ ನೋಡಿ ಯುವಜನರ ಗುಂಪಿನ ಹುಡುಗಿಯೊಬ್ಬಳು ಕೇಳಿದಳು: "ಅಂಕಲ್, ಕರ್ತನ ಬರೋಣ ಅಂದರೆ ಏನು? ಬರೋಣ ಅಂದರೆ ನಾವೆಲ್ಲ ಸೇರಿ ಬರೋಣ ಅಂತ ಅಲ್ವಾ?" ನಕ್ಕುಬಿಟ್ಟೆ, ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಹಳೆಯ ಗದ್ಯದಲ್ಲಿ ಕ್ರಿಯೆಯ ಹಿಂದೆ 'ಓಣ' ಸೇರಿಸಿದರೆ ಆ ಕ್ರಿಯೆಯ ಹೆಸರಾಗುತ್ತಿತ್ತು. ಬರೋಣ ಅಂದರೆ ಬರುವಿಕೆ, ಹೋಗೋಣ ಅಂದರೆ ಹೋಗುವಿಕೆ. ಕರ್ತನ ಬರೋಣ ಅಂದರೆ ಯೇಸು ಮತ್ತೆ ಬರುವುದು. ಆಡುಮಾತು ಆ ಅರ್ಥವನ್ನು ಬಿಟ್ಟುಕೊಟ್ಟಿತು. ನಮ್ಮ ಸಭೆಗಳು ಬಿಡಲಿಲ್ಲ, ಅಜ್ಜಿಯ ಪೆಟ್ಟಿಗೆಯ ಸೀರೆಯ ಹಾಗೆ ಮಡಿಸಿ ಇಟ್ಟುಕೊಂಡಿವೆ. ಸತ್ಯವೇದದ ಕೊನೆಯ ಪುಸ್ತಕದ ಹೆಸರಾದ 'ಪ್ರಕಟನೆ'ಯದೂ ಇದೇ ಕಥೆ. ಇವತ್ತು ಆ ಶಬ್ದ ಕೇಳಿದರೆ ಪತ್ರಿಕಾ ಪ್ರಕಟಣೆ ನೆನಪಾಗುತ್ತದೆ, ವಿದ್ಯುತ್ ಇಲ್ಲ, ನೀರು ಬರುವುದಿಲ್ಲ, ಸಹಕರಿಸಿ ಎಂಬಂಥದ್ದು. ಮೂಲದ ಗ್ರೀಕ್ ಶಬ್ದ ಅಪೊಕಲುಪ್ಸಿಸ್. ಮುಸುಕು ತೆಗೆಯುವುದು ಅಂತ ಅದರ ಅರ್ಥ. ಬಚ್ಚಿಡುವ ಪುಸ್ತಕ ಅಲ್ಲ ಅದು, ತೆರೆದು ತೋರಿಸುವ ಪುಸ್ತಕ. ನಾವೇ ಅದನ್ನು ಬೀಗದ ಪೆಟ್ಟಿಗೆ ಮಾಡಿಕೊಂಡು ಕೀಲಿಕೈ ಹುಡುಕುತ್ತಾ ಯೂಟ್ಯೂಬಿಗೆ ಹೋಗುತ್ತೇವೆ.

ಈ ನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಇನ್ನೊಂದು ತೊಡಕೂ ಇದೆ. 'ಪ್ರವಾದನೆ' ಎಂದರೆ ನಮ್ಮ ಕಿವಿ ಕೇಳಿಸಿಕೊಳ್ಳುವುದು 'ಕಾಲಜ್ಞಾನ' ಅಂತ. ವೀರಬ್ರಹ್ಮೇಂದ್ರಸ್ವಾಮಿಗಳ ಕಾಲಜ್ಞಾನ, ಕೈವಾರ ತಾತಯ್ಯನವರ ಕಾಲಜ್ಞಾನ, ಯುಗಾದಿಯ ದಿನದ ಪಂಚಾಂಗ ಶ್ರವಣ, ಬೆಳಗಿನ ಟೀವಿಯ ಭವಿಷ್ಯ. ಇವನ್ನು ನಾವು ನಂಬಲಿಕ್ಕಿಲ್ಲ, ಆದರೆ ಕೇಳುವ ಕ್ರಮ ಅಲ್ಲಿಂದಲೇ ಬಂದಿದೆ: ಮುಂದೆ ಆಗುವುದು ಆಗಲೇ ಬರೆದಾಗಿದೆ, ನಾವು ಲೆಕ್ಕ ಹಿಡಿದು ಕೂತರೆ ಸಾಕು. ಹಾಗೆ ಓದಲು ಹೊರಟರೆ ಯೋನನ ಪುಸ್ತಕವೇ ಎಡವಿಸುತ್ತದೆ. ಇನ್ನು 40 ದಿನಕ್ಕೆ ನಿನೆವೆ ಕೆಡವಲ್ಪಡುವುದು ಅಂತ ಯೋನ ಸಾರಿದ. ಊರಿಗೆ ಊರೇ ಗೋಣಿತಟ್ಟು ಉಟ್ಟುಕೊಂಡಿತು, ನಿನೆವೆ ಉಳಿಯಿತು. ಪಂಚಾಂಗದ ಲೆಕ್ಕದಲ್ಲಿ ಯೋನನ ಭವಿಷ್ಯ ಸುಳ್ಳಾಯಿತು. ಪ್ರವಾದನೆಯಾಗಿ ಅದು ಫಲಿಸಿತು, ಯಾಕೆಂದರೆ ಅದು ಬಂದದ್ದೇ ಜನ ತಿರುಗಿಕೊಳ್ಳಲಿ ಅಂತ. ತನ್ನ ಮಾತು ಸುಳ್ಳಾಯಿತಲ್ಲ ಅಂತ ಯೋನ ಊರಾಚೆ ಮುಖ ಊದಿಸಿಕೊಂಡು ಕೂತ. ಅಂತ್ಯಕಾಲದ ಪಾಠ ಕಲಿಸುವ ನಮ್ಮಂಥವರು ಆ ಚಿತ್ರವನ್ನು ಮೇಜಿನ ಮೇಲೆ ಇಟ್ಟುಕೊಳ್ಳಬೇಕು.

ಪ್ರವಾದಿ ಮೊದಲು ತನ್ನೆದುರಿಗೆ ನಿಂತವರ ಮುಖ ನೋಡಿ ಮಾತಾಡುವವನು. ಆಮೋಸ ಕಳ್ಳತಕ್ಕಡಿಯವರನ್ನು ನೋಡಿ ಮಾತಾಡಿದ, ಯೆಶಾಯ ಹೊಲಕ್ಕೆ ಹೊಲ ಸೇರಿಸಿಕೊಳ್ಳುತ್ತಿದ್ದವರನ್ನು ನೋಡಿ. ಪತ್ಮೋಸ್ ದ್ವೀಪದಲ್ಲಿದ್ದು ಪ್ರಕಟನೆ ಬರೆದ ಯೋಹಾನನೂ ಹಾಗೇ. ಅವನು ಬರೆದದ್ದು ಏಳು ಊರುಗಳ ಸಭೆಗಳಿಗೆ, ಎಲ್ಲವೂ ಇವತ್ತಿನ ಟರ್ಕಿಯ ಪಶ್ಚಿಮ ಭಾಗದಲ್ಲಿವೆ. ಎಫೆಸ, ಸ್ಮುರ್ನ, ಪೆರ್ಗಮ, ಥುವತೈರ, ಸಾರ್ದಿಸ್, ಫಿಲದೆಲ್ಫಿಯ, ಲವೊದಿಕೀಯ. ಬರೆದ ಕ್ರಮದಲ್ಲೇ ಹೋದರೆ ಅಂಚೆಯವನು ನಡೆಯುವ ದಾರಿಯಾಗುತ್ತದೆ. ನನ್ನ ಮಟ್ಟಿಗೆ ಅಂತ್ಯಕಾಲದ ಅಧ್ಯಯನದ ಮೊದಲ ಪ್ರಶ್ನೆ ಇಷ್ಟೇ: ಆ ಏಳು ಊರುಗಳಲ್ಲಿ ಯಾರದೋ ಮನೆಯ ಅಂಗಳದಲ್ಲಿ ಈ ಪತ್ರ ಓದುವಾಗ ಕೂತು ಕೇಳಿದವರಿಗೆ ಏನು ಕೇಳಿಸಿತು? ಅವರಿಗೆ ಸುತಾರಾಂ ಅರ್ಥವಾಗದ ಯಾವುದನ್ನೋ ನಮಗೋಸ್ಕರ ಎರಡು ಸಾವಿರ ವರ್ಷ ಮಡಿಸಿಟ್ಟಿತ್ತು ಅಂತ ನಾನು ನಂಬುವುದಿಲ್ಲ. ಈ ಕೋಣೆಯಲ್ಲೇ ಇದನ್ನು ಒಪ್ಪದವರಿದ್ದೀರಿ, ಗೊತ್ತು. ಚಹಾದ ಹೊತ್ತಿಗೆ ಜಗಳವಾಡೋಣ.

ಲವೊದಿಕೀಯ ತೆಗೆದುಕೊಳ್ಳಿ. ನೀನು ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ಉಗುರುಬೆಚ್ಚಗಿದ್ದೀ, ನಿನ್ನನ್ನು ಕಾರಿಬಿಡುತ್ತೇನೆ. ಇದರ ಮೇಲೆ ನಾವೆಲ್ಲ ಪ್ರಸಂಗ ಕೇಳಿದ್ದೇವೆ, ಬಿಸಿ ಅಂದರೆ ಭಕ್ತಿವಂತ, ತಣ್ಣಗೆ ಅಂದರೆ ಅವಿಶ್ವಾಸಿ ಅಂತ. ಆದರೆ ಲವೊದಿಕೀಯದ ಒಂದು ಪಕ್ಕಕ್ಕೆ ಹಿಯೆರಾಪೊಲಿಸ್, ಅಲ್ಲಿ ಬಿಸಿನೀರಿನ ಬುಗ್ಗೆಗಳು, ಇವತ್ತಿಗೂ ಪ್ರವಾಸಿಗರು ಸ್ನಾನಕ್ಕೆ ಹೋಗುತ್ತಾರೆ. ಇನ್ನೊಂದು ಪಕ್ಕಕ್ಕೆ ಕೊಲೊಸ್ಸೆ, ಅಲ್ಲಿ ಬೆಟ್ಟದಿಂದ ಇಳಿಯುವ ತಣ್ಣೀರು. ಬಿಸಿನೀರೂ ಉಪಯೋಗಕ್ಕೆ ಬರುತ್ತದೆ, ತಣ್ಣೀರೂ ಬರುತ್ತದೆ. ಕೊಳವೆಯಲ್ಲಿ ದೂರದಿಂದ ಹರಿದು ಬಂದ ಲವೊದಿಕೀಯದ ನೀರು ಎರಡೂ ಅಲ್ಲ. ಮುಂದಿನ ಮಾತು ಇನ್ನೂ ಚುಚ್ಚುತ್ತದೆ: ನಾನು ಐಶ್ವರ್ಯವಂತ, ನನಗೆ ಏನೂ ಕೊರತೆಯಿಲ್ಲ ಅನ್ನುತ್ತೀ. ಕ್ರಿ.ಶ. 60ರ ಸುಮಾರಿಗೆ ಆ ಊರು ಭೂಕಂಪದಲ್ಲಿ ಬಿತ್ತು. ರೋಮಿನ ಸಹಾಯವಿಲ್ಲದೆ ತನ್ನ ಸ್ವಂತ ದುಡ್ಡಿನಲ್ಲೇ ಮತ್ತೆ ಎದ್ದಿತು ಅಂತ ಇತಿಹಾಸಕಾರ ತಾಸಿತಸ್ ಬರೆದಿದ್ದಾನೆ. ಅದು ಊರಿಗೆ ಹೆಮ್ಮೆಯ ಸಂಗತಿ. ಆ ಹೆಮ್ಮೆಗೇ ಪತ್ರ ಬೆರಳಿಟ್ಟಿತು. ಕೇಳುತ್ತಾ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಬೇಕು.

ಈಗ ಮೃಗದ ಗುರುತು. ಪ್ರಕಟನೆಯ 13ನೇ ಅಧ್ಯಾಯದಲ್ಲಿ ಜನರ ಬಲಗೈಗೋ ಹಣೆಗೋ ಬೀಳುವ ಗುರುತು ಅದು, ಮೃಗದ ಹೆಸರಿನ ಸಂಖ್ಯೆ 666. ನೀವು ಬಂದಿರುವುದೇ ಇದಕ್ಕೆ ಅಂತ ಬಲ್ಲೆ.

ಆಧಾರ್ ಬಂದ ಹೊಸದರಲ್ಲಿ ನನ್ನ ಸೋದರತ್ತೆ ಬೆರಳಚ್ಚು ಕೊಡಲು ಹೋಗಲಿಲ್ಲ. ಆಕೆಗೆ ಯಾರೋ ಮೊಬೈಲಿನಲ್ಲಿ ತೋರಿಸಿದ್ದರು, ಇದೇ 666 ಅಂತ. ಆಮೇಲೆ ರೇಷನ್ ಅಂಗಡಿಯವನು ಹೆಬ್ಬೆಟ್ಟು ಒತ್ತದೆ ಅಕ್ಕಿ ಕೊಡುವುದಿಲ್ಲ ಅಂದಾಗ ಹೆದರಿಕೆ ಇಮ್ಮಡಿಯಾಯಿತು. ಗುರುತಿಲ್ಲದವನು ಕೊಳ್ಳಲೂ ಆಗದು, ಮಾರಲೂ ಆಗದು ಅಂತ 13ನೇ ಅಧ್ಯಾಯದಲ್ಲಿ ಬರೆದೇ ಇದೆಯಲ್ಲ. ಮನೆಯವರೆಲ್ಲ ನಕ್ಕೆವು. ಈಗ ಅದಕ್ಕೆ ನಾಚಿಕೆಯಾಗುತ್ತದೆ. ನಕ್ಕ ನಮ್ಮಲ್ಲಿ ಒಬ್ಬರಿಗೂ ಆ ವಚನ ಎಲ್ಲಿದೆ ಅಂತ ಗೊತ್ತಿರಲಿಲ್ಲ, ಆಕೆಗೆ ಬಾಯಿಪಾಠವಾಗಿತ್ತು.

ಒಂದು ದಿನ ಆಕೆಯ ಪಕ್ಕ ಕೂತು ಓದಿದೆ. ಮೊದಲು ಸಂಖ್ಯೆ. ಆಗಿನ ಕಾಲದ ಗ್ರೀಕ್, ಇಬ್ರಿಯ ಬರಹದಲ್ಲಿ ಅಂಕಿಗಳಿಗೆ ಬೇರೆ ಚಿಹ್ನೆ ಇರಲಿಲ್ಲ, ಅಕ್ಷರಗಳೇ ಅಂಕಿಗಳು. ಹಾಗಾಗಿ ಯಾವ ಹೆಸರನ್ನಾದರೂ ಕೂಡಿಸಿ ಮೊತ್ತ ತೆಗೆಯಬಹುದು. 'ನೇರೋನ್ ಕೈಸರ್', ಅಂದರೆ ರೋಮಿನ ಚಕ್ರವರ್ತಿ ನೀರೋ, ಅಂತ ಇಬ್ರಿಯ ಅಕ್ಷರಗಳಲ್ಲಿ ಬರೆದು ಕೂಡಿಸಿದರೆ 666 ಬರುತ್ತದೆ. ಕೊನೆಯ 'ನ್' ಬಿಟ್ಟರೆ 50 ಕಡಿಮೆಯಾಗಿ 616. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ 666ರ ಜಾಗದಲ್ಲಿ 616 ಅಂತಲೇ ಇದೆ! ಎರಡನೇ ಶತಮಾನದ ಕ್ರೈಸ್ತ ಲೇಖಕ ಇರೆನೇಯಸ್‌ಗೆ ಆ 616ರ ವಿಷಯ ಗೊತ್ತಿತ್ತು, 666 ಸರಿಯೆಂದು ಆತ ವಾದಿಸಿದ. ಹೊಂದುವ ಒಂದೆರಡು ಹೆಸರುಗಳನ್ನು ಹೇಳಿ ನೋಡಿ, ಕೊನೆಗೆ ಊಹಿಸುತ್ತಾ ಹೋಗುವುದಕ್ಕಿಂತ ಕಾಯುವುದು ಕ್ಷೇಮ ಅಂದ. ಅವನ ಗುರು ಪಾಲಿಕಾರ್ಪ್, ಪಾಲಿಕಾರ್ಪನಿದ್ದದ್ದು ಆ ಏಳು ಊರುಗಳಲ್ಲೊಂದಾದ ಸ್ಮುರ್ನದಲ್ಲಿ. ಅಷ್ಟು ಹತ್ತಿರದವನೇ ಕೈಮುಗಿದ ಮೇಲೆ ವಾಟ್ಸಾಪಿನಲ್ಲಿ ಬರುವ ಲೆಕ್ಕಕ್ಕೆ ನಾವು ಎಷ್ಟು ಬೆಲೆ ಕೊಡಬೇಕು?

ಅತ್ತೆಗೆ ಈ ಲೆಕ್ಕಾಚಾರ ಹಿಡಿಸಲಿಲ್ಲ. "ಆತು, ಮುಂದ ಓದು" ಅಂದಳು. ಮುಂದೆ ಅಧ್ಯಾಯವೇ ಮುಗಿಯುತ್ತದೆ. ನಾವೆಲ್ಲ ಎಡವುವುದು ಇಲ್ಲೇ. ಅಧ್ಯಾಯಗಳನ್ನು ವಿಂಗಡಿಸಿದ್ದು 13ನೇ ಶತಮಾನದಲ್ಲಿ, ಯೋಹಾನ ಬರೆದಾಗ ಆ ಗೋಡೆ ಇರಲಿಲ್ಲ. ಗೋಡೆ ತೆಗೆದು ಓದಿ. ಮೃಗದ ಹೆಸರಿನ ಸಂಖ್ಯೆ 666. ಅದರ ಮರುಮಾತೇ, ನಾನು ನೋಡಲಾಗಿ ಕುರಿಮರಿ (ಅಂದರೆ ಕ್ರಿಸ್ತ) ಚೀಯೋನ್ ಬೆಟ್ಟದ ಮೇಲೆ ನಿಂತಿತ್ತು, ಅದರ ಸಂಗಡ ಇದ್ದವರ ಹಣೆಯ ಮೇಲೆ ಅದರ ಹೆಸರೂ ತಂದೆಯ ಹೆಸರೂ ಬರೆದಿತ್ತು. ಹಣೆಗೆ ಹಣೆ ಎದುರಾಗಿ ನಿಂತಿದೆ. ಇನ್ನೂ ಹಿಂದಕ್ಕೆ ಹೋದರೆ ಧರ್ಮೋಪದೇಶಕಾಂಡದ 6ನೇ ಅಧ್ಯಾಯ: ದೇವರ ಮಾತನ್ನು ಕೈಗೆ ಗುರುತಾಗಿ ಕಟ್ಟಿಕೋ, ಹಣೆಗೆ ಪಟ್ಟಿಯಾಗಿ ಕಟ್ಟಿಕೋ. ಕೈ ಅಂದರೆ ನಾನು ಮಾಡುವುದು, ಹಣೆ ಅಂದರೆ ನಾನು ಯಾರವನು ಎನ್ನುವುದು. ಮೃಗ ಆ ಎರಡನ್ನೂ ಕೇಳುತ್ತದೆ, ದೇವರಿಗೆ ಸಲ್ಲಬೇಕಾದ್ದನ್ನು ತನಗೆ ಕೊಡು ಅಂತ. ಪೆರ್ಗಮದಲ್ಲಿ ಚಕ್ರವರ್ತಿಗೆ ಗುಡಿ ಕಟ್ಟಿ ಆಗಲೇ ಒಂದು ಶತಮಾನದ ಮೇಲಾಗಿತ್ತು. ಚಿಟಿಕೆ ಧೂಪ ಹಾಕಿದರೆ ವ್ಯಾಪಾರ ಸಲೀಸು. ನಿನ್ನ ಹೊಟ್ಟೆಪಾಡಿಗಾಗಿ ಯಾರ ಹೆಸರು ಹೊರುತ್ತೀ ಎಂಬ ಪ್ರಶ್ನೆ ಅದು. ಬೆರಳಚ್ಚಿನ ಯಂತ್ರದಿಂದ ಅರಿವಿಲ್ಲದೆ ಮೈಗೆ ಹತ್ತಿಬಿಡುವ ಅಂಟುಜಾಡ್ಯ ಅಲ್ಲ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕುಂಕುಮ ಇಟ್ಟುಕೊಳ್ಳದ ಮನೆತನದಲ್ಲಿ ಹುಟ್ಟಿ, ಕೆರೆ ಕಟ್ಟೆಯ ಮೇಲೆ "ನಿಮ್ಮವರ ಹಣಿ ಯಾಕ ಬೋಳು" ಅಂತ ಕೇಳಿಸಿಕೊಂಡೇ ಬೆಳೆದವಳು. ಆಮೇಲೆ ಅಂದಳು, "ಹಂಗಾರ ನನ್ನ ಹಣಿ ಬೋಳಲ್ಲ ಅನ್ನು." ಮರುವಾರ ರಿಕ್ಷಾ ಮಾಡಿಸಿಕೊಂಡು ಹೋಗಿ ಹೆಬ್ಬೆಟ್ಟು ಒತ್ತಿ ಬಂದಳು.

ಈ ಹಿಂದಕ್ಕೆ ಹೋಗುವ ಓದು ಒಂದು ವಚನಕ್ಕೆ ಮಾತ್ರ ಅಲ್ಲ. ಪ್ರಕಟನೆಯಲ್ಲಿ 404 ವಚನಗಳಿವೆ, ಹಳೆ ಒಡಂಬಡಿಕೆಯ ನೆನಪಿಲ್ಲದ ಪುಟ ಸಿಗುವುದು ಕಷ್ಟ. ಆದರೆ 'ಪ್ರವಾದಿ ಹೇಳಿದಂತೆ' ಅಂತ ಒಂದು ಕಡೆಯೂ ಹೆಸರಿಟ್ಟು ಉದ್ಧರಿಸುವುದಿಲ್ಲ. ಮನೆಮಾತಿನಂತೆ ಬಂದು ಹೋಗುತ್ತದೆ. ನೀರು ರಕ್ತವಾಗುವುದು, ಕಪ್ಪೆ, ಮಿಡತೆ, ಆನೆಕಲ್ಲಿನ ಮಳೆ ಇವೆಲ್ಲ ವಿಮೋಚನಕಾಂಡದ ಐಗುಪ್ತದಿಂದ ಬಂದವು. 13ನೇ ಅಧ್ಯಾಯದ ಮೃಗದ ಅಂಗಾಂಗಗಳು ದಾನಿಯೇಲನ 7ನೇ ಅಧ್ಯಾಯದ ನಾಲ್ಕು ಮೃಗಗಳವು. ಮಿಡತೆಯನ್ನು ಹೆಲಿಕಾಪ್ಟರ್ ಅಂತ ಓದುವವರು ಐಗುಪ್ತವನ್ನು ಓದದೇ ಬಂದವರು. ಮುಂದೇನು ಅಂತ ತಿಳಿಯಬೇಕಾದರೆ ಬೆರಳು ಎಡಗಡೆಯ ಪುಟಗಳಿಗೆ ಹೋಗಬೇಕು.

ಇನ್ನು ತಾರೀಖು. ಅಮೆರಿಕದ ವಿಲಿಯಂ ಮಿಲ್ಲರ್ ಅನುಯಾಯಿಗಳು ದಾನಿಯೇಲ 8:14ರ 2300 ದಿನಗಳನ್ನು ವರ್ಷಗಳಾಗಿ ಎಣಿಸಿ 1844ರ ಅಕ್ಟೋಬರ್ 22ಕ್ಕೆ ಕರ್ತ ಬರುತ್ತಾನೆಂದು ಕಾದು ಕೂತದ್ದನ್ನು ನೀವು ಕೇಳಿರುತ್ತೀರಿ. ನಮಗೆ ಇನ್ನೂ ಹತ್ತಿರದ ಕಥೆಯೊಂದಿದೆ. ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ 18ನೇ ಶತಮಾನದಲ್ಲಿ ಬೆಂಗೆಲ್ ಎಂಬ ಪಂಡಿತನಿದ್ದ. ಗ್ರೀಕ್ ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ನೋಡುವ ಶಾಸ್ತ್ರಕ್ಕೆ ತಳಪಾಯ ಹಾಕಿದವರಲ್ಲಿ ಒಬ್ಬ. ಅಷ್ಟು ಎಚ್ಚರದ ಮನುಷ್ಯ ಪ್ರಕಟನೆಯ ಸಂಖ್ಯೆಗಳನ್ನು ಲೆಕ್ಕ ಹಾಕಿ, 1836ರ ಜೂನ್ 18ಕ್ಕೆ ಮೃಗದ ಆಟ ಮುಗಿಯುತ್ತದೆ ಅಂತ ಬರೆದಿಟ್ಟ. ಆ ಸೀಮೆಯ ಭಕ್ತರ ಮನೆಗಳಲ್ಲಿ ಆ ವರ್ಷದ ಮಾತು ತಲೆಮಾರುಗಳ ತನಕ ನಡೆಯಿತು. 1836 ಬಂತು, ಜೂನ್ 18 ಕಳೆಯಿತು. ಅದೇ ವರ್ಷ ಅದೇ ವುರ್ಟೆಂಬರ್ಗ್‌ನ 25ರ ತರುಣನೊಬ್ಬ ಬಾಸೆಲ್ ಮಿಷನ್‌ನಿಂದ ಮಂಗಳೂರಿಗೆ ಬಂದ. ಹರ್ಮನ್ ಮೊಗ್ಲಿಂಗ್. ಬಂದವನು ಕನ್ನಡ ಕಲಿತ, ಶಾಲೆ ನಡೆಸಿದ, 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ, ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚುಹಾಕಿಸಿದ. ಬೆಂಗೆಲ್‌ನ ಲೆಕ್ಕದ ಬಗ್ಗೆ ಮೊಗ್ಲಿಂಗ್ ಮನಸ್ಸಿನಲ್ಲಿ ಏನಿತ್ತೆಂದು ಹೇಳಲು ನಾನು ಹೋಗುವುದಿಲ್ಲ. 1836 ಅಂದ ಕೂಡಲೇ ನನಗೆ ಈ ಎರಡೂ ಒಟ್ಟಿಗೆ ನೆನಪಾಗುತ್ತವೆ, ಅಷ್ಟೇ.

ತಾರೀಖಿನ ಹುಚ್ಚು ಹೊಸದೇನಲ್ಲ. ಯೆರೆಮೀಯನ 28ನೇ ಅಧ್ಯಾಯದಲ್ಲಿ ಹನನ್ಯ ದೇವಾಲಯದಲ್ಲೇ ನಿಂತು ಸಾರುತ್ತಾನೆ, ಇನ್ನು ಎರಡೇ ವರ್ಷ, ಬಾಬೆಲಿನ ನೊಗ ಮುರಿಯುತ್ತದೆ ಅಂತ. ಜನಕ್ಕೆ ಬೇಕಾಗಿದ್ದೂ ಅದೇ. ಯೆರೆಮೀಯ ಮೊದಲು "ಆಮೆನ್, ಹಾಗೇ ಆಗಲಿ" ಅನ್ನುತ್ತಾನೆ. ನನಗೆ ಆ ಮಾತು ಬಹಳ ಇಷ್ಟ, ಸುಳ್ಳು ಪ್ರವಾದಿಯ ಆಸೆ ಅವನಿಗೂ ಇತ್ತು. ಆದರೆ ಸತ್ಯ ಬೇರೆಯಾಗಿತ್ತು. ಮುಂದಿನ ಅಧ್ಯಾಯದಲ್ಲಿ ಬಾಬೆಲಿನ ಸೆರೆಯಲ್ಲಿದ್ದವರಿಗೆ ಕಾಗದ ಬರೆಯುತ್ತಾನೆ: 70 ವರ್ಷ. ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿರಿ, ಮಕ್ಕಳಿಗೆ ಮದುವೆ ಮಾಡಿರಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ. ಎರಡು ವರ್ಷ ಅಂದುಕೊಂಡವನು ತೋಟ ಮಾಡುವುದಿಲ್ಲ, ಗಂಟು ಕಟ್ಟಿಕೊಂಡು ಬಾಗಿಲಲ್ಲಿ ಕೂರುತ್ತಾನೆ.

ಆ ಕಾಗದವನ್ನು ಮುಂದೆ ಒಬ್ಬ ಮುದುಕ ಓದುತ್ತಾನೆ. ದಾನಿಯೇಲ 9ನೇ ಅಧ್ಯಾಯ. ಸತ್ಯವೇದದೊಳಗೇ ಪ್ರವಾದನೆಯ ವಿದ್ಯಾರ್ಥಿಯೊಬ್ಬನನ್ನು ನೋಡಬೇಕಿದ್ದರೆ ಇಲ್ಲಿ ನೋಡಿ. ಯೆರೆಮೀಯನ ಗ್ರಂಥದಿಂದ 70 ವರ್ಷದ ಮಾತು ತಿಳಿದುಕೊಂಡ ಅಂತ ಬರೆದಿದೆ. ತಿಳಿದ ಮೇಲೆ ಏನು ಮಾಡಿದ? ಗೋಡೆಗೆ ನಕ್ಷೆ ತೂಗುಹಾಕಲಿಲ್ಲ. ಗೋಣಿತಟ್ಟು ಉಟ್ಟು, ಬೂದಿಯಲ್ಲಿ ಕೂತು, 'ಅವರು ಪಾಪಮಾಡಿದರು' ಅನ್ನದೆ 'ನಾವು ಪಾಪಮಾಡಿದೆವು' ಅಂತ ಪ್ರಾರ್ಥನೆ ಮಾಡಿದ. 70 ವಾರಗಳ ದರ್ಶನ ಬಂದದ್ದು ಆ ಪ್ರಾರ್ಥನೆ ಮುಗಿಯುವ ಮೊದಲೇ. ನಾವು ಆ ಅಧ್ಯಾಯದ ಕೊನೆಯ ನಾಲ್ಕು ವಚನಗಳಿಗೆ ಪುಸ್ತಕಗಳ ಮೇಲೆ ಪುಸ್ತಕ ಬರೆದಿದ್ದೇವೆ, ಮೊದಲ ಹತ್ತೊಂಬತ್ತನ್ನು ಹಾರಿಸಿದ್ದೇವೆ.

ಥೆಸಲೋನಿಕದವರ ವಿಷಯಕ್ಕೆ ಬರುತ್ತೇನೆ, ಹೊತ್ತಾಯಿತು. ಅಲ್ಲಿ ಸಾವಾಗಿತ್ತು. ಕರ್ತನು ಬರುವ ಮೊದಲೇ ತೀರಿಕೊಂಡವರ ಗತಿಯೇನು ಅಂತ ಮನೆಯವರು ಅಳುತ್ತಿದ್ದರು. ಅಪೊಸ್ತಲ ಪೌಲನ ಉತ್ತರ ಅವರಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯದಲ್ಲಿದೆ, 'ಎತ್ತಲ್ಪಡುವಿಕೆ', ಅಂದರೆ ವಿಶ್ವಾಸಿಗಳು ಕರ್ತನ ಬಳಿಗೆ ಮೇಲಕ್ಕೆ ಎತ್ತಲ್ಪಡುವುದರ ಬಗ್ಗೆ ಮಾತಾಡುವಾಗ ನಾವು ತೆರೆಯುವುದೂ ಅದನ್ನೇ. ಅದು ಅಂತ್ಯಕಾಲದ ಮಹಾ ಸಂಕಟಕ್ಕೆ ಮೊದಲೋ, ನಂತರವೋ? ಮೊದಲೇ ಅನ್ನುವ ಪಾಠ 19ನೇ ಶತಮಾನದ ಜಾನ್ ನೆಲ್ಸನ್ ಡಾರ್ಬಿಯಿಂದ ಬಲಪಡೆದು, 1909ರ ಸ್ಕೋಫೀಲ್ಡ್ ಟಿಪ್ಪಣಿಗಳ ಬೈಬಲ್ ಮೂಲಕ ಊರೂರಿಗೆ ಹರಡಿತು. ಅದನ್ನು ನಂಬುವ ದೇವಭಕ್ತರು ನನಗೆ ಬೇಕಾದಷ್ಟು ಜನ ಗೊತ್ತು. ನಾನು ಆ ಕಡೆಯವನಲ್ಲ, ಕಾರಣ ಒಂದು ಕನ್ನಡ ಶಬ್ದ: 'ಎದುರುಗೊಳ್ಳುವುದು'. ಕರ್ತನನ್ನು ಎದುರುಗೊಳ್ಳುವುದಕ್ಕೆ ಅಂತ ನಮ್ಮ ಸತ್ಯವೇದದಲ್ಲಿದೆ. ಬೀಗರು ಊರ ಹೊರಗೆ ಬಂದಿಳಿದಾಗ ಬಾಜಾಬಜಂತ್ರಿ ಸಮೇತ ಹೋಗಿ ಎದುರುಗೊಂಡವರು ಅಲ್ಲಿಂದ ಅವರ ಜೊತೆ ಬೇರೆ ಊರಿಗೆ ಹೊರಟುಹೋಗುತ್ತಾರೆಯೇ? ಕರಕೊಂಡು ಮನೆಗೆ ಬರುತ್ತಾರೆ. ಗ್ರೀಕ್ ಶಬ್ದಕ್ಕೂ ಅದೇ ಬಳಕೆ ಇತ್ತು. ಹತ್ತು ಕನ್ಯೆಯರು ಮದಲಿಂಗನನ್ನು ಎದುರುಗೊಳ್ಳಲು ಹೊರಟಾಗಲೂ ಅದೇ ಶಬ್ದ, ರೋಮಿನ ಸಹೋದರರು ಪೌಲನನ್ನು ಎದುರುಗೊಳ್ಳಲು ಬಂದಾಗಲೂ ಅದೇ. ಇದೊಂದರಿಂದಲೇ ವಾದ ಗೆಲ್ಲಲಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಪೌಲ ಮುಗಿಸುವುದು ಹೇಗೆ ನೋಡಿ: ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ. ಕೇಳಿದವರಿಗೆ ರಾತ್ರಿ ನಿದ್ದೆ ಹಾರಿಹೋಗುವ ಹಾಗೆ ಆ ಅಧ್ಯಾಯವನ್ನು ಕಲಿಸಿದರೆ ಎಲ್ಲೋ ತಪ್ಪಿದೆ.

ಕ್ರಿಸ್ತನ ಸಾವಿರ ವರ್ಷದ ಆಳಿಕೆಯ ಬಗ್ಗೆ ಇವತ್ತು ಒಂದೇ ಮಾತು. ಆ ಅವಧಿಯ ಹೆಸರು ಬರುವುದು ಪ್ರಕಟನೆ 20ರಲ್ಲಿ, ಆರು ಸಲ. ಎರಡನೇ ಶತಮಾನದ ಕ್ರೈಸ್ತ ಲೇಖಕ ಜಸ್ಟಿನ್ ಅದನ್ನು ಅಕ್ಷರಶಃ ನಂಬಿದ್ದ, ಹಾಗೆ ನಂಬದ ಒಳ್ಳೆಯ ಕ್ರೈಸ್ತರೂ ಬಹಳ ಜನ ಇದ್ದಾರೆ ಅಂತ ಅವನೇ ಬರೆದ. ಐದನೇ ಶತಮಾನದ ಬಿಷಪ್ ಅಗಸ್ಟಿನ್ ಅದು ಸಭೆಯ ಈಗಿನ ಕಾಲವೇ ಅಂದ. ಇದರ ಮೇಲೆ ಸಭೆ ಒಡೆಯುವುದು ಬೇಡ.

ಮುಂದಿನ ಗುರುವಾರಕ್ಕೆ ಕೆಲಸ. ಮನೆಯಲ್ಲಿ ಎಲ್ಲರೂ ಕೂತು ಪ್ರಕಟನೆಯನ್ನು ಮೊದಲಿಂದ ಕೊನೆಯ ತನಕ ಗಟ್ಟಿಯಾಗಿ ಓದಿ. ಒಬ್ಬರು ಓದಲಿ, ಉಳಿದವರು ಕೇಳಲಿ, ಅದರ 1:3ರಲ್ಲಿ ಧನ್ಯರು ಅಂದಿರುವುದೇ ಓದುವವನನ್ನೂ ಕೇಳುವವರನ್ನೂ. ಸುಮಾರು ಒಂದೂವರೆ ಗಂಟೆ ಬೇಕು, ಒಂದು ಧಾರಾವಾಹಿ ಮತ್ತು ಒಂದು ಸುದ್ದಿ ಬಿಟ್ಟರೆ ಆಯಿತು. ಯಾವ ವ್ಯಾಖ್ಯಾನವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಡಿ. ಒಂದು ಚೀಟಿಯಲ್ಲಿ ಎರಡೇ ಸಂಗತಿ ಗುರುತು ಮಾಡಿ. ಯೋಹಾನ ಏನು ಕೇಳಿದ, ಏನು ನೋಡಿದ. 5ನೇ ಅಧ್ಯಾಯದಲ್ಲಿ ಯೂದಕುಲದ ಸಿಂಹ ಅಂತ ಅವನಿಗೆ ಕೇಳಿಸುತ್ತದೆ, ತಿರುಗಿ ನೋಡಿದರೆ ವಧಿಸಲ್ಪಟ್ಟಂತಿದ್ದ ಕುರಿಮರಿ ನಿಂತಿರುತ್ತದೆ. 7ರಲ್ಲೂ ಇಂಥದೇ ಒಂದಿದೆ, ಅದನ್ನು ನಾನು ಹೇಳುವುದಿಲ್ಲ, ನೀವೇ ಹುಡುಕಿ ತನ್ನಿ. ಹಳೆಯ ಭಾಷಾಂತರ ಇದ್ದವರು ಅದನ್ನೂ ತನ್ನಿ, ಹೊಸದರ ಜೊತೆ ಇಟ್ಟು ಓದೋಣ. ಈ 'ಓದೋಣ' ಮಾತ್ರ ಇವತ್ತಿನ ಅರ್ಥದ್ದು.

ಚಹಾ ಆರುತ್ತಿದೆ.